ನೀರಿನ ಬಳಿ ತೆಗೆದ ಚಿತ್ರ ಮಸುಕಾಗಿದೆಯೇ? ನೀರು ಎಲ್ಲಿ ಕೂತಿದೆ ಎಂದು ಮೊದಲು ಹುಡುಕಿ

ಮಳೆಗಾಲದಲ್ಲಿ ಜೋಗಕ್ಕೆ, ಚಳಿಗಾಲದಲ್ಲಿ ಮುರುಡೇಶ್ವರಕ್ಕೆ ಹೋಗಿ ಬಂದವರ ದೂರು ಬಹುತೇಕ ಒಂದೇ: ಚಿತ್ರ ಮಸುಕಾಗಿದೆ, ಲೆನ್ಸ್ ಕೆಟ್ಟಿರಬೇಕು. ಹೆಚ್ಚಿನ ಸಲ ಲೆನ್ಸ್ ಕೆಟ್ಟಿರುವುದಿಲ್ಲ. ಮಸುಕಿಗೆ ಕಾರಣಗಳು ಹಲವು, ಮತ್ತು ಒಂದಕ್ಕೆ ಮಾಡುವ ಉಪಾಯ ಇನ್ನೊಂದರಲ್ಲಿ ಕೆಲಸಕ್ಕೆ ಬರುವುದಿಲ್ಲ, ಕೆಲವೊಮ್ಮೆ ಹಾನಿಯನ್ನೇ ಮಾಡುತ್ತದೆ. ತಣ್ಣಗಿರುವ ಗಾಜಿನ ಮೇಲೆ ಕೂತ ತೇವವನ್ನು ಎಷ್ಟು ಒರೆಸಿದರೂ ಮರಳಿ ಬರುತ್ತದೆ. ಕಡಲ ಉಪ್ಪು ಕೂತ ಗಾಜನ್ನು ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಕಣಿವೆಯ ಗಾಳಿಯಲ್ಲೇ ಮಂಜು ತುಂಬಿರುವಾಗ ಗಾಜು ಒರೆಸಿ ಏನೂ ಆಗದು.

ಆದ್ದರಿಂದ ಕ್ಯಾಮೆರಾದ ಮೆನು ತೆರೆಯುವ ಮೊದಲು ಕೇಳಬೇಕಾದದ್ದು ಒಂದೇ: ನೀರು ಎಲ್ಲಿದೆ? ಗಾಜಿನ ಹೊರಮೈ ಮೇಲೋ, ಗಾಜಿನ ಹಿಂದೆಯೋ, ಕ್ಯಾಮೆರಾಕ್ಕೂ ದೃಶ್ಯಕ್ಕೂ ನಡುವೆಯೋ? ಅಥವಾ ನೀರೇ ದೃಶ್ಯವಾಗಿ ನಿಂತು ಬೆಳಕಿನ ಅಳತೆಯನ್ನು ದಾರಿ ತಪ್ಪಿಸುತ್ತಿದೆಯೋ?

ಉಪಕರಣದ ಮೇಲಿನ ಅನುಮಾನವನ್ನು ಬಗೆಹರಿಸಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ಒಳ್ಳೆಯ ಬೆಳಕಿನಲ್ಲಿ, ಕ್ಯಾಮೆರಾವನ್ನು ಮೇಜಿನ ಮೇಲೋ ಟ್ರೈಪಾಡಿನ ಮೇಲೋ ಇಟ್ಟು, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/8ರಲ್ಲಿ (ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಅಕ್ಷರಗಳು ಅಂಚಿನವರೆಗೂ ಸ್ಪಷ್ಟವಾಗಿದ್ದರೆ ದೋಷ ಸ್ಥಳದ್ದು ಅಥವಾ ತೆಗೆದ ಕ್ರಮದ್ದು. ಇಲ್ಲೂ ಮಸುಕಾಗಿದ್ದರೆ ಮಾತ್ರ ಲೆನ್ಸನ್ನು ಅನುಮಾನಿಸಬೇಕು.

ಇಡೀ ಚಿತ್ರ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ.

ಮೊದಲು ನೆನಪಿಸಿಕೊಳ್ಳಬೇಕಾದದ್ದು ಸಮಯವನ್ನು. ಹವಾನಿಯಂತ್ರಿತ ಕಾರಿನಿಂದಲೋ ಹೋಟೆಲ್ ಕೋಣೆಯಿಂದಲೋ ಇಳಿದ ಕೂಡಲೇ ತೆಗೆದ ಚಿತ್ರಗಳು ಮಾತ್ರ ಹೀಗಿದ್ದು, ಅರ್ಧ ಗಂಟೆಯ ನಂತರದವು ಸರಿಯಾಗಿದ್ದರೆ ಕಾರಣ ಗಾಜಿನ ಮೇಲೆ ಸಾಂದ್ರಗೊಂಡ ತೇವ. ಕರಾವಳಿಯಲ್ಲಿ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್, ಗಾಳಿಯ ಆರ್ದ್ರತೆ ಶೇಕಡಾ 80 ಇರುವ ದಿನ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ತೇವ ಕೂರುತ್ತದೆ. ಕಾರಿನ ಒಳಗೆ 22 ಡಿಗ್ರಿಯಲ್ಲಿ ಎರಡು ಗಂಟೆ ಕೂತ ಲೆನ್ಸ್ ಹೊರಗೆ ಬಂದೊಡನೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯಂತೆ ಬೆವರುತ್ತದೆ. ಒಮ್ಮೆ ಒರೆಸಿ ನೋಡಿ. ಕೆಲವೇ ಸೆಕೆಂಡುಗಳಲ್ಲಿ ಮಸುಕು ಮತ್ತೆ ಹರಡಿದರೆ ಗಾಜು ಇನ್ನೂ ತಣ್ಣಗಿದೆ ಎಂದರ್ಥ, ಇನ್ನು ಒರೆಸಬೇಡಿ. ಲೆನ್ಸ್ ಹೊರಗಿನ ಉಷ್ಣಾಂಶಕ್ಕೆ ಬರುವವರೆಗೆ ಕಾಯುವುದೊಂದೇ ದಾರಿ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಲೇಬಾರದು, ತೇವದ ಗಾಳಿ ಒಳಗೆ ಹೊಕ್ಕು ಸೆನ್ಸರ್ ಮೇಲೂ ಕೂರುತ್ತದೆ. ಮುಂದಿನ ಸಲ, ಇಳಿಯುವ ಅರ್ಧ ಗಂಟೆ ಮೊದಲೇ ಕಾರಿನ ಏಸಿ ನಿಲ್ಲಿಸಿ ಕಿಟಕಿ ತೆರೆಯಿರಿ. ಅದಾಗದಿದ್ದರೆ ತಣ್ಣಗಿನ ಕೋಣೆಯಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಹೊರಗೆ ತನ್ನಿ. ತೇವ ಚೀಲದ ಮೇಲೆ ಕೂರುತ್ತದೆ, ಕ್ಯಾಮೆರಾದ ಮೇಲಲ್ಲ.

ಸಮಯಕ್ಕೂ ಮಸುಕಿಗೂ ಸಂಬಂಧ ಕಾಣದಿದ್ದರೆ ಒಂದಾದ ಮೇಲೊಂದು ತೆಗೆದ ನಾಲ್ಕೈದು ಚಿತ್ರಗಳನ್ನು ಹೋಲಿಸಿ. ಬಿಳಿಯ ಮಚ್ಚೆಗಳು ಎಲ್ಲದರಲ್ಲೂ ಒಂದೇ ಜಾಗದಲ್ಲಿದ್ದರೆ ಹನಿಗಳು ಗಾಜಿನ ಮೇಲಿವೆ. ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸುತ್ತಿದ್ದರೆ ಅವು ಗಾಳಿಯಲ್ಲಿ ಹಾರುತ್ತಿರುವ ತುಂತುರು, ಅದರಲ್ಲೂ ಫ್ಲಾಶ್ ಹಚ್ಚಿದ್ದರೆ ಅನುಮಾನವೇ ಬೇಡ: ಫ್ಲಾಶ್ ಆರಿಸಿ. ಗಾಜಿನ ಮೇಲಿನ ಹನಿ ಎಫ್/4ರಲ್ಲಿ ಹರಡಿದ ಮಂಕು ಕಲೆಯಂತೆ, ಎಫ್/16ರಲ್ಲಿ ದುಂಡನೆಯ ಆಕಾರವಾಗಿ ಕಾಣುತ್ತದೆ. ಜಲಪಾತದ ಚಿತ್ರಕ್ಕೆ ಎಲ್ಲರೂ ಅಪರ್ಚರ್ ಕಿರಿದಾಗಿಸುವುದರಿಂದ ಅಲ್ಲಿ ಹನಿಗಳು ಎದ್ದು ತೋರುತ್ತವೆ. ಲೆನ್ಸಿನ ಹುಡ್ ಹಾಕಿ, ಚಿತ್ರ ತೆಗೆಯುವ ಗಳಿಗೆಯವರೆಗೆ ಮುಂಭಾಗವನ್ನು ಬಟ್ಟೆಯಿಂದ ಮುಚ್ಚಿಡಿ, ಪ್ರತಿ ಚಿತ್ರದ ನಂತರ ಗಾಜನ್ನು ನೋಡಿ. ಒರೆಸುವ ಬಟ್ಟೆಗಳು ಹಲವಿರಲಿ. ಒಂದೇ ಬಟ್ಟೆ ನೆನೆದ ಮೇಲೆ ಅದು ನೀರನ್ನು ಹೀರುವುದಿಲ್ಲ, ಗಾಜಿಗೆ ಬಳಿಯುತ್ತದೆ.

ಮೂರನೆಯದು ಗಾಳಿಯಲ್ಲಿರುವ ಮಂಜು. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಧುಮುಕುತ್ತದೆ. ಮಳೆ ಜೋರಾಗಿ, ಲಿಂಗನಮಕ್ಕಿ ಅಣೆಕಟ್ಟಿನಿಂದಲೂ ನೀರು ಬಿಟ್ಟ ದಿನಗಳಲ್ಲಿ ಕೆಳಗಿನಿಂದ ಏಳುವ ತುಂತುರು ಮೋಡದೊಂದಿಗೆ ಸೇರಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಮುಚ್ಚಿಬಿಡುತ್ತದೆ. ಇದನ್ನು ಗುರುತಿಸುವುದು ಸುಲಭ. ಚಿತ್ರದಲ್ಲಿ ಹತ್ತಿರದ ಎಲೆಯೋ ಕಂಬಿಯೋ ಇದ್ದರೆ ಅದರ ಕಪ್ಪು ಗಾಢವಾಗಿದೆಯೇ ನೋಡಿ. ಹತ್ತಿರದ್ದು ಗಾಢವಾಗಿದ್ದು ದೂರ ಹೋದಂತೆ ಬಿಳಿಚುತ್ತಿದ್ದರೆ ಮಸುಕು ಗಾಳಿಯದು. ಹತ್ತಿರದ್ದೂ ದೂರದ್ದೂ ಸಮನಾಗಿ ಬಿಳಿಚಿದ್ದರೆ ಅದು ಗಾಜಿನದು. ಗಾಳಿಯ ಮಂಜಿಗೆ ಕ್ಯಾಮೆರಾದಲ್ಲಿ ಪರಿಹಾರವಿಲ್ಲ. ಕಾಯಬೇಕು, ಗಾಳಿ ಬೀಸಿದಾಗ ತೆರೆ ಸರಿಯುತ್ತದೆ. ಕಾದು ಸಿಕ್ಕ ಆ ಒಂದೆರಡು ನಿಮಿಷದ ಜೋಗದ ಮುಂದೆ, ತಂತ್ರಾಂಶದಲ್ಲಿ ಮಂಜು ತೆಗೆದ ಯಾವ ಚಿತ್ರವೂ ನಿಲ್ಲುವುದಿಲ್ಲ.

ಗಾಜಿನ ಹೊರಮೈ ಶುಚಿಯಾಗಿದೆ, ಗಾಳಿ ತಿಳಿಯಾಗಿದೆ, ಆದರೂ ಬಿಳುಪು ಹೋಗಿಲ್ಲವೆ? ಕತ್ತಲ ಕೋಣೆಯಲ್ಲಿ ಲೆನ್ಸಿನ ಒಂದು ತುದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಒಳಗೆ ನೋಡಿ. ಜೇಡರ ಬಲೆಯ ಎಳೆಗಳಂಥ ಕವಲುಗಳು ಕಂಡರೆ ಫಂಗಸ್ ಹಿಡಿದಿದೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಕಟ್ಟಿಟ್ಟ ಲೆನ್ಸಿಗೆ ಇದು ಬರುವುದು ಆಶ್ಚರ್ಯವಲ್ಲ. ಆರಂಭದಲ್ಲಿದ್ದರೆ ಅನುಭವಿ ದುರಸ್ತಿಗಾರರು ಬಿಚ್ಚಿ ಶುಚಿ ಮಾಡಬಲ್ಲರು, ಲೇಪನವನ್ನೇ ತಿಂದಿದ್ದರೆ ಗುರುತು ಉಳಿಯುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೆ ಅಗ್ಗದ ಆರ್ದ್ರತಾ ಮಾಪಕ ಒಂದು: ಶೇಕಡಾ 40ರಿಂದ 50ರ ನಡುವೆ ಇಟ್ಟರೆ ಸಾಕು.

ಕಡಲ ದಂಡೆಯಲ್ಲಿ ಮಾತ್ರ ಕಾಣುವ ಇನ್ನೊಂದು ಮಸುಕಿದೆ. ಸೂರ್ಯನಿಗೆ ಎದುರಾಗಿ ತೆಗೆದಾಗ ಮಾತ್ರ ಚಿತ್ರ ಬಿಳಿಚುತ್ತದೆ, ಬೆನ್ನಿಗೆ ಸೂರ್ಯನಿದ್ದರೆ ಸರಿಯಾಗಿ ಬರುತ್ತದೆ. ಅದು ಅಲೆಯ ತುಂತುರು ಒಣಗಿ ಉಳಿದ ಉಪ್ಪು. ಬೆರಳಿಟ್ಟರೆ ಅಂಟಂಟು. ಒಣಬಟ್ಟೆಯನ್ನು ಮುಟ್ಟಿಸಬೇಡಿ. ಮೊದಲು ಬ್ಲೋವರ್‌ನಿಂದ ಮರಳು ಹಾರಿಸಿ, ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಉಪ್ಪನ್ನು ಕರಗಿಸಿ ತೆಗೆಯಿರಿ, ಕೊನೆಗೆ ಒಣಬಟ್ಟೆ. ಕಡಲ ಬಳಿ ಲೆನ್ಸಿನ ಮುಂದೆ ಸಾದಾ ಯುವಿ ಫಿಲ್ಟರ್ ಹಾಕುವುದನ್ನು ನಾನು ಒತ್ತಿ ಹೇಳುತ್ತೇನೆ, ಬೇರೆಡೆ ಅದರ ಅಗತ್ಯ ನನಗೆ ಕಂಡಿಲ್ಲ.

ಜಲಪಾತ ಬಿಳಿ ಸುಣ್ಣದ ಗೋಡೆಯಂತೆ ಬಂದಿದೆ, ಅಥವಾ ಬಂಡೆಗಳೂ ಅಲುಗಾಡಿವೆ

ಚೌಕಟ್ಟಿನ ಮುಕ್ಕಾಲು ಭಾಗ ಒದ್ದೆಯಾದ ಕಪ್ಪು ಬಂಡೆ, ಕಾಡು. ನಡುವೆ ಬಿಳಿ ಧಾರೆ. ಕ್ಯಾಮೆರಾದ ಬೆಳಕಿನ ಮಾಪಕ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಧಾರೆಯ ಎಳೆಗಳು ಅಳಿಸಿಹೋಗುತ್ತವೆ. ಅತಿಬೆಳಕಿನ ಎಚ್ಚರಿಕೆಯನ್ನು (ಬೆಳಕು ಮಿತಿಮೀರಿದ ಭಾಗವನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವ ಸೌಲಭ್ಯ) ಆನ್ ಮಾಡಿ, ನೀರಿನ ಭಾಗ ಮಿನುಗುವುದು ನಿಲ್ಲುವವರೆಗೆ ಎಕ್ಸ್‌ಪೋಶರ್ ಇಳಿಸಿ. ಒಂದು ಸ್ಟಾಪಿನಿಂದ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸುವುದರಿಂದ, ಶುರುಮಾಡಬಹುದು. ಬಂಡೆಯ ಕತ್ತಲನ್ನು ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ಮೇಲೆತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು.

ನೀರು ರೇಷ್ಮೆಯಂತೆ ಕಾಣಲೆಂದು ಶಟರ್ ನಿಧಾನಗೊಳಿಸಿದವರ ದೋಷ ಬೇರೆ. ಚಿತ್ರವನ್ನು ಪೂರ್ತಿ ಹಿಗ್ಗಿಸಿ ಬಂಡೆಯ ಅಂಚನ್ನು ನೋಡಿ. ಬಂಡೆ ಎರಡೆರಡಾಗಿ ಕಂಡರೆ ಟ್ರೈಪಾಡ್ ಅಲುಗಿದೆ. ಬಂಡೆ ಸ್ಪಷ್ಟವಾಗಿದ್ದು ಎಲೆಗಳು ಮಾತ್ರ ಕದಡಿದ್ದರೆ ಅದು ಗಾಳಿ. ಯಾವ ದಿಕ್ಕಿಗೂ ಎಳೆದ ಗುರುತಿಲ್ಲದೆ ಇಡೀ ಚಿತ್ರ ತುಸು ಮೆತ್ತಗಿದ್ದರೆ ಅಪರ್ಚರ್ ಎಷ್ಟಿತ್ತು ನೋಡಿ. ಎಫ್/22ರಲ್ಲಿ ಬೆಳಕಿನ ವಿವರ್ತನೆಯಿಂದಲೇ (ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡುವುದು) ಎಲ್ಲ ಲೆನ್ಸ್‌ಗಳೂ ಮೆತ್ತಗಾಗುತ್ತವೆ. ಎಫ್/8 ಅಥವಾ ಎಫ್/11ಕ್ಕೆ ಬಂದು, ಬೆಳಕು ಕಡಿಮೆ ಮಾಡಲು ಎನ್‌ಡಿ ಫಿಲ್ಟರ್ ಬಳಸಿ. ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಧಾರೆಗೆ ರೇಷ್ಮೆತನವೂ ಬರುತ್ತದೆ, ರಭಸವೂ ಉಳಿಯುತ್ತದೆ. ಹತ್ತು ಸೆಕೆಂಡಿಗೆ ಹೋದರೆ ನೀರು ಬರೀ ಹೊಗೆ.

ಟ್ರೈಪಾಡ್ ಅಲುಗಲು ಕೈ ತಗುಲಬೇಕೆಂದೇನಿಲ್ಲ. ಜನ ನಡೆದಾಡುವ ವೀಕ್ಷಣಾ ಕಟ್ಟೆಯ ಕಂಪನ ಸಾಕು, ಹರಿಯುವ ತೊರೆಯಲ್ಲಿ ಊರಿದ ಕಾಲಂತೂ ಸದಾ ನಡುಗುತ್ತದೆ. ನಡುಗಂಬವನ್ನು ಮೇಲೆತ್ತಬೇಡಿ, ಕಾಲುಗಳನ್ನು ಬಂಡೆಗೆ ಒತ್ತಿ ನಿಲ್ಲಿಸಿ, ಲೆನ್ಸಿನ ಕಂಪನ ನಿಯಂತ್ರಣವನ್ನು ಆಫ್ ಮಾಡಿ. ಅಣೆಕಟ್ಟಿನ ಕೆಳಗಿನ ಯಾವ ಹೊಳೆಯಲ್ಲೂ ನಡುನೀರಿನ ಬಂಡೆಗೆ ಟ್ರೈಪಾಡ್ ಹೊತ್ತುಕೊಂಡು ಹೋಗಬೇಡಿ. ಮಳೆ ಇಲ್ಲದ ದಿನವೂ ಅಲ್ಲಿ ನೀರು ದಿಢೀರನೆ ಏರುತ್ತದೆ. ಪಾಚಿ ಹಿಡಿದ ಬಂಡೆಯಿಂದ ಬೇಗ ಹಿಂದಿರುಗಲು ಯಾರಿಂದಲೂ ಆಗದು.

ಕಾಮನಬಿಲ್ಲು ಕಣ್ಣಿಗೆ ಕಂಡಿತು, ಚಿತ್ರದಲ್ಲಿ ಇಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಪ್ರತಿಫಲನ ತಡೆಯಲು ಲೆನ್ಸಿಗೆ ಹಾಕಿದ ಪೋಲರೈಸರ್ ಫಿಲ್ಟರ್. ಕಾಮನಬಿಲ್ಲಿನ ಬೆಳಕು ಬಹುಪಾಲು ಒಂದೇ ಸಮತಲದಲ್ಲಿ ಕಂಪಿಸುವಂಥದ್ದು, ಫಿಲ್ಟರನ್ನು ಒಂದು ಕೋನಕ್ಕೆ ತಿರುಗಿಸಿದರೆ ಅದು ಮಾಯ, ಇನ್ನೊಂದಕ್ಕೆ ತಿರುಗಿಸಿದರೆ ಇನ್ನಷ್ಟು ಗಾಢ. ಅದೇ ಫಿಲ್ಟರ್ ಕೆರೆಯ ತಳ ಕಾಣಿಸದಿದ್ದರೆ ಕೆಟ್ಟಿದೆ ಎನ್ನಬೇಡಿ. ನೀರಿನ ಮೇಲ್ಮೈಯಿಂದ ಅಳೆದು ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಪ್ರತಿಫಲನ ಅತ್ಯಂತ ಚೆನ್ನಾಗಿ ಅಳಿಯುತ್ತದೆ. ನೇರ ಕೆಳಗೆ ನೋಡುವಾಗ ಫಿಲ್ಟರ್ ಎಷ್ಟು ತಿರುಗಿಸಿದರೂ ವ್ಯತ್ಯಾಸವಾಗದು.

ದೋಣಿಯಿಂದ ತೆಗೆದ ಹಕ್ಕಿ ಸ್ಪಷ್ಟವಾಗಿಲ್ಲ

ರಂಗನತಿಟ್ಟಿನಂಥ ಜಾಗ ಇದಕ್ಕೆ ಒಳ್ಳೆಯ ಪಾಠಶಾಲೆ. ಕಾವೇರಿಯ ಮೇಲೆ ಹುಟ್ಟು ಹಾಕುವ ದೋಣಿ, ನಡುಗಡ್ಡೆಗಳ ಮರಗಳಲ್ಲಿ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ರೀವ (ಟರ್ನ್) ಹಕ್ಕಿ, ಅದರ ಪಕ್ಕದಲ್ಲೇ ಬಾಯಿ ತೆರೆದು ಮಲಗಿದ ಮೊಸಳೆ. ಎಲ್ಲವೂ ಹತ್ತಿರ, ಆದರೆ ದೋಣಿ ಒಂದು ಕ್ಷಣವೂ ನಿಲ್ಲುವುದಿಲ್ಲ.

ಕೆಟ್ಟ ಚಿತ್ರವನ್ನು ಅಳಿಸುವ ಮೊದಲು ಹಿಗ್ಗಿಸಿ ನೋಡಿ, ಕಾರಣ ಅದರಲ್ಲೇ ಬರೆದಿರುತ್ತದೆ. ಹಕ್ಕಿ, ಕೊಂಬೆ, ಬಂಡೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ದೋಣಿಯೋ ಕೈಯೋ ಅಲುಗಿದೆ. ಕೊಂಬೆ ಸ್ಪಷ್ಟ, ಹಕ್ಕಿಯ ರೆಕ್ಕೆ ಮಾತ್ರ ಕದಡಿದ್ದರೆ ಶಟರ್ ವೇಗ ಸಾಲದು. ಹಕ್ಕಿ ಪೂರ್ತಿ ಮೆತ್ತಗಿದ್ದು ಅದರ ಮುಂದಿನ ನೀರಿನ ಅಲೆಯೋ ಹಿಂದಿನ ಎಲೆಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಲೆನ್ಸಿನ ಕಂಪನ ನಿಯಂತ್ರಣ ಮೊದಲನೆಯದಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ, ಎರಡನೆಯದಕ್ಕೆ ಏನೂ ಮಾಡದು. ಕೂತ ಹಕ್ಕಿಗೂ ಸೆಕೆಂಡಿನ 1/1000, ಹಾರುವ ಹಕ್ಕಿಗೆ 1/2000 ಅಥವಾ ಹೆಚ್ಚು ಇಟ್ಟುಕೊಳ್ಳಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಚಿತ್ರದಲ್ಲಿ ಚುಕ್ಕಿ ಹೆಚ್ಚು) ಏರಿದರೆ ಏರಲಿ. ಚುಕ್ಕಿಗಳಿರುವ ಸ್ಪಷ್ಟ ಚಿತ್ರವನ್ನು ತಿದ್ದಬಹುದು, ಕದಡಿದ್ದನ್ನು ತಿದ್ದಲಾಗದು. ಮೋಟಾರ್ ದೋಣಿಯಾದರೆ ಲೆನ್ಸನ್ನು ಅಂಚಿನ ಮೇಲೆ ಊರಬೇಡಿ, ಎಂಜಿನ್ನಿನ ನಡುಕ ನೇರವಾಗಿ ಚಿತ್ರಕ್ಕೆ ಇಳಿಯುತ್ತದೆ. ಮೊಣಕೈಗಳನ್ನು ಎದೆಗೆ ಒತ್ತಿ ಕೂತರೆ ದೇಹವೇ ಆ ನಡುಕವನ್ನು ನುಂಗುತ್ತದೆ.

ಅಲೆಗಳ ಮಿನುಗಿಗೆ ಫೋಕಸ್ ಓಡುತ್ತಿದ್ದರೆ ಫೋಕಸ್ ವಲಯವನ್ನು ಚಿಕ್ಕದು ಮಾಡಿ, ಬೆನ್ನಟ್ಟುವ ಸೂಕ್ಷ್ಮತೆಯನ್ನು ತಗ್ಗಿಸಿ. ಆಗ ನಡುವೆ ಹಾದುಹೋದ ಅಲೆಗೆ ಅದು ಹಕ್ಕಿಯನ್ನು ಬಿಟ್ಟು ಜಿಗಿಯುವುದಿಲ್ಲ. ಬಿಳಿ ಹಕ್ಕಿ ಗಾಢ ನೀರಿನ ಮುಂದೆ ಸುಟ್ಟಂತೆ ಬರುವುದಕ್ಕೆ ಕಾರಣ ಜಲಪಾತದ್ದೇ, ಪರಿಹಾರವೂ ಅದೇ.

ಈ ಯಾವ ಗುರುತೂ ಸಿಗದ ಒಂದು ದೋಷವಿದೆ. ಶಟರ್ 1/2000, ಫೋಕಸ್ ಸರಿ, ಕೈ ಗಟ್ಟಿ, ಆದರೂ ದೂರದ ಹಕ್ಕಿಯ ಗರಿಗಳು ಕಲಸಿಹೋಗಿವೆ. ಒಂದೇ ಉಸಿರಿನಲ್ಲಿ ಹತ್ತು ಚಿತ್ರ ತೆಗೆದು ನೋಡಿ. ಒಂದರಲ್ಲಿ ತಲೆ ಸ್ಪಷ್ಟ, ಇನ್ನೊಂದರಲ್ಲಿ ಕಾಲು, ಮತ್ತೊಂದರಲ್ಲಿ ಅಂಚುಗಳು ಅಲೆಅಲೆಯಾಗಿ ಬಾಗಿದ್ದರೆ ಅದು ನೀರಿನ ಮೇಲೆ ಬಿಸಿ ತಂಪು ಗಾಳಿಯ ಪದರಗಳು ಬೆರೆತು ಬೆಳಕನ್ನು ಬಗ್ಗಿಸುತ್ತಿರುವುದು. ಬಿಸಿಲೇರಿದ ಮೇಲೆ, ಉದ್ದ ಲೆನ್ಸಿನಲ್ಲಿ ಇದು ಹೆಚ್ಚು. ಎಷ್ಟೋ ಜನ ಒಳ್ಳೆಯ ಲೆನ್ಸನ್ನು ಮಾರಿದ್ದು ಈ ಕಾರಣಕ್ಕೇ ಎಂಬುದು ನನಗೆ ನೋವಿನ ಸಂಗತಿ. ಬೆಳಗಿನ ಮೊದಲ ದೋಣಿಗೆ ಹೋಗಿ, ಹತ್ತಿರದ ಹಕ್ಕಿಯನ್ನು ಆರಿಸಿಕೊಳ್ಳಿ.

ನೀರಿನೊಳಗೆ: ಎಲ್ಲವೂ ನೀಲಿ, ನಡುವೆ ಹಿಮ ಸುರಿದಂತೆ ಚುಕ್ಕಿ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ ಮುಳುಗಿ ಬಂದವರು ತೋರಿಸುವ ಚಿತ್ರಗಳಲ್ಲಿ ಮೀನುಗಳೆಲ್ಲ ಒಂದೇ ಬಣ್ಣ. ನೀರು ಕೆಂಪು ಬೆಳಕನ್ನು ಮೊದಲು ಹೀರುತ್ತದೆ. ಐದಾರು ಮೀಟರಿಗೆ ಕೆಂಪಿನ ಬಹುಪಾಲು ಹೋಗಿರುತ್ತದೆ, ಕಿತ್ತಳೆ ಅದರ ಹಿಂದೆ. ಇಲ್ಲಿ ಮರೆಯಬಾರದ ಸಂಗತಿ ಎಂದರೆ ಆಳ ಮಾತ್ರವಲ್ಲ, ನಿಮಗೂ ಮೀನಿಗೂ ನಡುವಿನ ಅಡ್ಡ ದೂರವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮೀಟರ್ ಆಳದಲ್ಲಿ ಮೂರು ಮೀಟರ್ ಆಚೆಗಿನ ಮೀನಿನಿಂದ ಬರುವ ಬೆಳಕು ಏಳು ಮೀಟರ್ ನೀರು ದಾಟಿ ಬಂದಿರುತ್ತದೆ. ಆದ್ದರಿಂದ ಮೊದಲ ಪರಿಹಾರ ಹತ್ತಿರ ಹೋಗುವುದು, ಒಂದು ಮೀಟರಿನೊಳಗೆ. ಎರಡನೆಯದು ಆಳ ಬದಲಾದಾಗಲೆಲ್ಲ ಬಿಳಿ ಫಲಕವನ್ನು ತೋರಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳ ಸಮತೋಲ) ಹೊಂದಿಸುವುದು ಅಥವಾ ರಾ ಕಡತದಲ್ಲಿ ತೆಗೆಯುವುದು. ಕೆಂಪು ಫಿಲ್ಟರ್ ಬಿಸಿಲ ಬೆಳಕಿನಲ್ಲಿ ಉಪಯುಕ್ತ, ಫ್ಲಾಶ್ ಜೊತೆಗೆ ಬೇಡ.

ಹಿಮದಂಥ ಚುಕ್ಕಿಗಳು ನೀರಿನಲ್ಲಿ ತೇಲುವ ಕಣಗಳು. ಫ್ಲಾಶ್ ಇಲ್ಲದೆ ಒಂದು ಚಿತ್ರ ತೆಗೆಯಿರಿ. ಚುಕ್ಕಿ ಮಾಯವಾದರೆ ದೋಷ ಬೆಳಕಿನ ಕೋನದ್ದು. ಕ್ಯಾಮೆರಾದಲ್ಲೇ ಇರುವ ಫ್ಲಾಶ್ ಕಣಗಳಿಗೆ ನೇರವಾಗಿ ಬಡಿದು ಹಿಂದಿರುಗುತ್ತದೆ. ಹೊರಗಿನ ದೀಪಗಳನ್ನು ತೋಳಿನಷ್ಟು ಅಗಲಕ್ಕೆ ಸರಿಸಿ, ಸ್ವಲ್ಪ ಹೊರಮುಖವಾಗಿ ತಿರುಗಿಸಿ. ತಳದ ಮರಳನ್ನು ನಿಮ್ಮ ಕಾಲಿನ ಈಜುರೆಕ್ಕೆಯೇ ಎಬ್ಬಿಸುತ್ತಿಲ್ಲವೇ ಎಂಬುದನ್ನೂ ನೋಡಿ. ಹವಳವನ್ನು ಹಿಡಿದು ನಿಂತು ಚಿತ್ರ ತೆಗೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಹೌಸಿಂಗಿನ, ಅಂದರೆ ಕ್ಯಾಮೆರಾವನ್ನು ಇಡುವ ಜಲನಿರೋಧಕ ಪೆಟ್ಟಿಗೆಯ, ಒಳಗೆ ನೀರು ಕಂಡಾಗ ಗಾಬರಿಯಾಗುವುದು ಸಹಜ, ಆದರೆ ಎರಡು ಬಗೆಯನ್ನು ಬೇರ್ಪಡಿಸಿ. ಮುಂದಿನ ಗಾಜಿನ ಒಳಮೈ ಇಡೀ ತೆಳುವಾಗಿ ಮಬ್ಬಾಗಿದ್ದರೆ ಅದು ಒಳಗಿನ ಗಾಳಿಯ ತೇವ: ಕ್ಯಾಮೆರಾದ ಬಿಸಿ, ಹೊರಗಿನ ತಣ್ಣೀರು. ದಂಡೆಯ ಬಿಸಿಗಾಳಿಯಲ್ಲಿ ಮುಚ್ಚುವ ಬದಲು ಹವಾನಿಯಂತ್ರಿತ ಕೋಣೆಯ ಒಣಗಾಳಿಯಲ್ಲಿ ಸಿಲಿಕಾ ಜೆಲ್ ಚೀಲವಿಟ್ಟು ಮುಚ್ಚಿದರೆ ಇದು ನಿಲ್ಲುತ್ತದೆ. ತಳದಲ್ಲಿ ಹನಿ ನಿಂತು ಅತ್ತಿತ್ತ ಹರಿಯುತ್ತಿದ್ದರೆ ಸೋರಿಕೆ. ಜೊತೆಗಾರರಿಗೆ ಸನ್ನೆ ಮಾಡಿ, ಸಾವಕಾಶವಾಗಿ ಮೇಲೆ ಬನ್ನಿ, ಕ್ಯಾಮೆರಾ ಉಳಿಸಲು ವೇಗವಾಗಿ ಏರುವುದು ಪ್ರಾಣಕ್ಕೇ ಅಪಾಯ. ಮೇಲೆ ಬಂದ ಮೇಲೆ ಓ ರಿಂಗನ್ನು (ಮುಚ್ಚಳದ ಸಂದನ್ನು ಬಿಗಿಮಾಡುವ ರಬ್ಬರ್ ಬಳೆ) ತೆಗೆದು ಬೆರಳುಗಳ ನಡುವೆ ಎಳೆಯದೆ ಜಾರಿಸಿ ನೋಡಿ. ಒಂದು ಕೂದಲು, ಒಂದು ಮರಳಿನ ಕಣ ಸಾಕು ನೀರು ನುಗ್ಗಲು. ಶುಚಿಮಾಡಿ, ಹೊಳಪು ಬರುವಷ್ಟು ಮಾತ್ರ ಸಿಲಿಕೋನ್ ಗ್ರೀಸ್ ಸವರಿ. ಕ್ಯಾಮೆರಾ ಇಲ್ಲದ ಹೌಸಿಂಗಿನಲ್ಲಿ ಟಿಶ್ಯೂ ಕಾಗದ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸಿದರೆ ಕಾಗದದ ಯಾವ ಮೂಲೆ ಒದ್ದೆಯಾಯಿತೋ ಸೋರಿಕೆಯೂ ಆ ಬದಿಯದೇ ಆಗಿರುವ ಸಾಧ್ಯತೆ ಹೆಚ್ಚು. ಬಕೆಟ್ ಪರೀಕ್ಷೆ ದಾಟಿದರೂ ಆಳದಲ್ಲಿ ಸೋರಬಹುದು ಎಂಬುದು ನೆನಪಿರಲಿ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ.

ಮೊಬೈಲ್

ಒದ್ದೆ ಪರದೆ ತಾನಾಗಿಯೇ ಓಡಾಡುವುದು, ಒತ್ತಿದರೆ ಕೇಳದಿರುವುದು ದೋಷವಲ್ಲ. ಪರದೆ ಬೆರಳಿನ ವಿದ್ಯುತ್ ಸ್ಪರ್ಶವನ್ನು ಗುರುತಿಸುತ್ತದೆ, ನೀರೂ ಅದೇ ಕೆಲಸ ಮಾಡುತ್ತದೆ. ಚೀಲದೊಳಗೆ ಹಾಕಿ ಮುಳುಗಿಸುವ ಮೊದಲೇ ಕ್ಯಾಮೆರಾ ತೆರೆದಿಟ್ಟು, ವಾಲ್ಯೂಮ್ ಗುಂಡಿಯಿಂದ ಚಿತ್ರ ತೆಗೆಯಿರಿ. ಐಪಿ68 (ಧೂಳು, ನೀರು ತಡೆಯುವ ಮಟ್ಟದ ಗುರುತು) ಎಂದು ಬರೆದಿರುವುದನ್ನು ಕಡಲಿಗೆ ಪರವಾನಗಿ ಎಂದು ತಿಳಿಯಬೇಡಿ. ಅದು ಹೊಸ ಫೋನನ್ನು ನಿಂತ ಸಿಹಿನೀರಿನಲ್ಲಿ, ತಯಾರಕರು ಹೇಳಿದ ಆಳ ಮತ್ತು ಸಮಯಕ್ಕೆ ಪರೀಕ್ಷಿಸಿದ್ದು. ಬಿದ್ದ, ಬಿಚ್ಚಿ ದುರಸ್ತಿಯಾದ, ಹಳೆಯದಾದ ಫೋನಿಗೆ ಆ ಭರವಸೆ ಉಳಿಯುವುದಿಲ್ಲ.

ಕ್ಯಾಮೆರಾ ನೀರಿಗೆ ಬಿತ್ತು

ಆನ್ ಮಾಡಿ ನೋಡಬೇಡಿ. ಇಲ್ಲಿ ಹಾಳಾಗುವುದು ಹೆಚ್ಚಾಗಿ ನೀರಿನಿಂದಲ್ಲ, ನೀರಿದ್ದಾಗ ಹರಿಸಿದ ವಿದ್ಯುತ್ತಿನಿಂದ. ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆಯಿರಿ, ಎಲ್ಲ ಬಾಗಿಲುಗಳನ್ನು ತೆರೆದಿಡಿ, ಹೊರಗನ್ನು ಒರೆಸಿ. ಫೋನಾದರೆ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಹೇರ್ ಡ್ರೈಯರ್ ಹಿಡಿದರೆ ನೀರು ಇನ್ನೂ ಒಳಕ್ಕೆ ಹೋಗುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಪದ್ಧತಿಯನ್ನು ಕೈಬಿಡಿ: ಅಕ್ಕಿ ತೇವವನ್ನು ಎಳೆಯುವುದು ತೀರ ಕಡಿಮೆ, ಅದರ ಹುಡಿ ಮಾತ್ರ ಸಂದುಗಳಿಗೆ ಸೇರುತ್ತದೆ. ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬಿ ಅದಕ್ಕಿಂತ ಎಷ್ಟೋ ಮೇಲು.

ಹೊಳೆಯ ನೀರಾದರೆ ಕೆಲವು ದಿನ ಒಣಗಿಸಿ ಕಾಯುವ ಅವಕಾಶವಿದೆ. ಕಡಲ ನೀರಿಗೆ ಆ ಕಾಲಾವಕಾಶವಿಲ್ಲ, ಉಪ್ಪು ಲೋಹವನ್ನು ಗಂಟೆಗಳ ಲೆಕ್ಕದಲ್ಲಿ ತಿನ್ನತೊಡಗುತ್ತದೆ. ಬ್ಯಾಟರಿ ತೆಗೆದು, ಒದ್ದೆಬಟ್ಟೆಯಿಂದ ಹೊರಗಿನ ಉಪ್ಪನ್ನು ತೆಗೆದು, ಅದೇ ದಿನ ದುರಸ್ತಿಗೆ ಒಯ್ಯಿರಿ. ಉಪ್ಪುನೀರು ಕುಡಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬೇಡಿ, ಅದು ಹೊತ್ತಿಕೊಳ್ಳಬಹುದು. ಅಂಗಡಿಯಲ್ಲಿ ಮಳೆಯಲ್ಲಿ ನೆನೆಯಿತು ಎಂದು ಹೇಳದೆ, ಕಡಲಿಗೆ ಬಿತ್ತು, ಇಷ್ಟು ಹೊತ್ತಿಗೆ ಬಿತ್ತು, ಆಮೇಲೆ ಆನ್ ಮಾಡಿದೆ ಅಥವಾ ಮಾಡಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಒಳಗಿನ ಫಲಕಗಳನ್ನು ಬಿಚ್ಚಿ ತೊಳೆಯಬೇಕೋ ಬರೀ ಒಣಗಿಸಿದರೆ ಸಾಕೋ ಎಂಬುದನ್ನು ಅವರು ನಿರ್ಧರಿಸುವುದು ಆ ಮಾಹಿತಿಯ ಮೇಲೆ.